ಐಡಾ ಅರಾನ್ಹಾ ಕಲಿಸಿದ ‘ಮಿಸ್’

ಮಸ್ಕತ್ತಿನ ಹತ್ತಿರದ ರುಸೈಲಿನ ಮಾರ್ಬಲ್ ಫ್ಯಾಕ್ಟರಿಯಲ್ಲಿ ಎಲ್ಲರೂ ಐಡಾ ಅರಾನ್ಹಾಳನ್ನು ‘ಮಿಸ್’ ಎಂದು ಕರೆಯುತ್ತಿದ್ದರು. ಅವಳು ಅಲ್ಲಿ ಟೈಪಿಸ್ಟ್. ಕಲ್ಯಾಣಪುರದಲ್ಲಿದ್ದಾಗಲೂ ಒಂದು ಶಾಲೆಯ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದವಳೇ ಹೊರತು ಪಾಠ ಮಾಡಿದವಳಲ್ಲ. ಆದರೆ ಆ ಶಾಲೆಯ ಮಕ್ಕಳಿಗೆ ಕಾಂಪೌಂಡಿನೊಳಗೆ ಕಾಣುವ ಹೆಂಗಸರೆಲ್ಲ ಮಿಸ್ಸೇ. ೧೯೮೬ರಲ್ಲಿ ಫ್ಯಾಕ್ಟರಿಯ ಅಡ್ಮಿನ್ ಮ್ಯಾನೇಜರ್ ಆಸ್ವಾಲ್ಡ್ ಮಂಗಳೂರಿನ ಒಂದು ಲಾಡ್ಜಿನಲ್ಲಿ ಕೂತು ಇಂಟರ್‌ವ್ಯೂ ಮಾಡಿದಾಗ, “ಸ್ಕೂಲಲ್ಲಿ ನೀವು ಮಿಸ್ ಆಗಿದ್ರಾ?” ಎಂದು ಕೇಳಿದರು.

“ಹೌದು ಸರ್, ಎಲ್ಲರೂ ಮಿಸ್ ಅಂತಲೇ ಕರೀತಿದ್ರು” ಎಂದಳು ಐಡಾ.

ಮಾತು ಸುಳ್ಳಲ್ಲ. ಆದರೂ ಕುರ್ಚಿಯಿಂದ ಏಳುವಾಗ ಅವಳ ಕಿವಿ ಬಿಸಿಯಾಗಿತ್ತು.

ಮಸ್ಕತ್ತಿನಲ್ಲಿ ಅವಳು ಚಿಕ್ಕಪ್ಪನ ಮಗಳು ರೋಸಲಿಂಡಳ ಮನೆಯಲ್ಲಿ ಇದ್ದಳು. ರುವಿಯಲ್ಲಿ ಎರಡು ಕೋಣೆಯ ಫ್ಲಾಟು. ರೋಸಲಿಂಡಳ ಗಂಡ ಪಿಯುಸ್ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ, ಇಗರ್ಜಿಯ, ಅಂದರೆ ಚರ್ಚಿನ, ಸಮಿತಿಯಲ್ಲೂ ಇದ್ದ. ಐಡಾಳಿಗೆ ಆಗ ಮೂವತ್ತಾರು. ಮದುವೆ ಆಗಿರಲಿಲ್ಲ. ಹಿಂದೊಮ್ಮೆ ನಿಶ್ಚಯವಾಗಿತ್ತು, ಬಹರೈನಿನಲ್ಲಿದ್ದ ಹುಡುಗ ಅಲ್ಲೇ ಬೇರೊಬ್ಬಳನ್ನು ಕಟ್ಟಿಕೊಂಡು ಸುಮ್ಮನಾದ. ಹೊಲಿಸಿದ್ದ ಬಿಳಿಯ ಗೌನನ್ನು ಅಮ್ಮ ಯಾರಿಗೋ ಕೊಟ್ಟುಬಿಟ್ಟಳು. ಅಂದಿನಿಂದ ನಾಲ್ಕು ಜನ ಸೇರಿ ನಗುವುದು ಕೇಳಿಸಿದರೆ ಐಡಾಳಿಗೆ ಅದು ತನ್ನ ಬಗ್ಗೆಯೇ ಅನಿಸುತ್ತಿತ್ತು.

೧೯೮೮ರ ಚಳಿಗಾಲದಲ್ಲಿ ಫ್ಯಾಕ್ಟರಿಗೆ ಚೀನಾದಿಂದ ಕಲ್ಲು ಕೊಯ್ಯುವ ಹೊಸ ಯಂತ್ರಗಳು ಬಂದವು. ಅವನ್ನು ಕೂರಿಸಿ ನಡೆಸಿಕೊಡಲು ಎಂಟು ಮಂದಿ ಚೀನೀ ಫಿಟ್ಟರುಗಳೂ ಬಂದರು. ಅವರಲ್ಲಿ ಗುವೊ ಎಂಬ ಒಬ್ಬನಿಗೆ ಮಾತ್ರ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಅವನ ಹತ್ತಿರ ಒಂದು ಡಿಕ್ಷನರಿಯೂ ಇತ್ತು, ಆದರೆ ಅದರಲ್ಲಿ ಇದ್ದದ್ದೆಲ್ಲ ಯಂತ್ರದ ಭಾಗಗಳ ಹೆಸರು. ಉಳಿದವರಿಗೆ ‘ಯಸ್’ ಮತ್ತು ‘ಓಕೆ’ ಬಿಟ್ಟರೆ ಏನೂ ಗೊತ್ತಿರಲಿಲ್ಲ. ಕ್ಯಾಂಪಿನಿಂದ ಬರುವ ಬಸ್ಸು ತಪ್ಪಿದರೂ ಹೇಳಲು ಮಾತಿಲ್ಲ, ಹೊಟ್ಟೆ ನೋವಾದರೂ ಇಲ್ಲ.

ಆಸ್ವಾಲ್ಡ್ ಐಡಾಳನ್ನು ಕರೆದು, “ನೀವು ಹೇಗೂ ಟೀಚರ್ ಆಗಿದ್ದವರು. ಸಂಜೆ ಒಂದು ಗಂಟೆ ಇವರಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡಿ” ಎಂದರು. ಇಲ್ಲ ಎನ್ನಬೇಕಾದ ಹೊತ್ತು ಅದೇ ಆಗಿತ್ತು. ಐಡಾ “ಆಯ್ತು ಸರ್” ಎಂದಳು.

ಮೆಸ್ಸಿನ ಒಂದು ಮೂಲೆಯಲ್ಲಿ ಕರಿಹಲಗೆ ಇಟ್ಟುಕೊಟ್ಟರು. ಐಡಾ ತಾನು ಕಲಿತ ಹಾಗೆಯೇ ಕಲಿಸಿದಳು: ಒಂದು ವಾಕ್ಯ ಬರೆಯುವುದು, ಎಲ್ಲರಿಂದಲೂ ಜೋರಾಗಿ ಹೇಳಿಸುವುದು, ಒಂದು ಪದ ಬದಲಿಸಿ ಮತ್ತೆ ಹೇಳಿಸುವುದು. ಎಂಟು ಮಂದಿ ದೊಡ್ಡ ಗಂಡಸರು ಬೆನ್ನು ನೆಟ್ಟಗೆ ಮಾಡಿ ಕೂತು ಒಕ್ಕೊರಲಿನಿಂದ ಹೇಳುವಾಗ ಅವಳಿಗೆ ತಾನು ನಿಜವಾಗಿಯೂ ಟೀಚರ್ ಅನಿಸಲು ಶುರುವಾಯಿತು.

ಎರಡನೇ ತಿಂಗಳಲ್ಲಿ ‘ಮಿಸ್’ ಬಂತು. ಬಸ್ಸಿನ ವಿಷಯಕ್ಕೆ ಅದು ಬೇಕೇ ಬೇಕಿತ್ತು. ‘ಐ ಮಿಸ್ ದ ಬಸ್’ ಎಂದು ಬರೆದು, ಓಡುವ ಬಸ್ಸು, ಹಿಂದೆ ಕೈಯೆತ್ತಿ ನಿಂತ ಮನುಷ್ಯ, ಎರಡನ್ನೂ ಚಿತ್ರ ಮಾಡಿ ತೋರಿಸಿದಳು. ಆಮೇಲೆ ‘ಐ ಮಿಸ್ ದ ಲಂಚ್’, ‘ಐ ಮಿಸ್ ದ ಕ್ಲಾಸ್’. ಗುವೊ ಕೈ ಎತ್ತಿದ. ಬಸ್ಸಿನ ಮಿಸ್ಸೂ ಮಿಸ್ ಐಡಾದ ಮಿಸ್ಸೂ ಒಂದೆಯಾ ಎಂದು ಅವನ ಪ್ರಶ್ನೆ. ಅದು ಮದುವೆಯಾಗದ ಹೆಂಗಸರ ಹೆಸರಿನ ಮುಂದೆ ಹಾಕುವ ಪದ ಎಂದು ಅವಳು ಬೇಗ ಬೇಗ ಹೇಳಿ ಮುಗಿಸಿದಳು.

“ಇನ್ನೂ ಇದೆಯಾ?” ಎಂದು ಗುವೊ ಕೇಳಿದ. ತಮ್ಮ ಭಾಷೆಯಲ್ಲಿ ಬಸ್ಸಿಗೆ ಒಂದು ಪದ, ಹೆಂಗಸಿಗೆ ಬೇರೆ ಪದ, ಹಾಗಾಗಿ ಎಲ್ಲವನ್ನೂ ಒಟ್ಟಿಗೇ ಬರೆದಿಟ್ಟುಕೊಳ್ಳುತ್ತೇವೆ ಎಂದ.

ಇನ್ನೂ ಒಂದು ಇತ್ತು. ಐಡಾಳಿಗೆ ಅದು ಗೊತ್ತಿತ್ತು. ಗಲ್ಫಿಗೆ ಬರುವ ಗ್ರೀಟಿಂಗ್ ಕಾರ್ಡುಗಳಲ್ಲೆಲ್ಲ ಹೂವಿನ ಕೆಳಗೆ ‘ಐ ಮಿಸ್ ಯೂ’ ಎಂದು ಅಚ್ಚಾಗಿರುತ್ತದಲ್ಲ, ಆ ಮಿಸ್. ಕೊಂಕಣಿಯಲ್ಲಾದರೆ ‘ಉಗ್ಡಾಸ್’ ಬರುತ್ತದೆ ಎನ್ನುತ್ತಾರೆ, ಕನ್ನಡದಲ್ಲಿ ನೆನಪಾಗುತ್ತದೆ ಎಂದರೂ ಪೂರ್ತಿಯಾಗುವುದಿಲ್ಲ. ಅದನ್ನು ಚಿತ್ರ ಮಾಡಿ ತೋರಿಸುವುದು ಹೇಗೆ? ಎಂಟು ಮಂದಿ ಗಂಡಸರ ಎದುರು ಒಬ್ಬಳೇ ನಿಂತು ಎದೆ ಮುಟ್ಟಿಕೊಂಡು ತೋರಿಸಬೇಕೇ? ಅವಳಿಗೆ ನಾಚಿಕೆಯಾಯಿತು. “ಇಲ್ಲ, ಅಷ್ಟೇ” ಎಂದು ಹಲಗೆ ಒರೆಸಿದಳು.

ಆ ಎಂಟು ಮಂದಿಯಲ್ಲಿ ಶೆನ್ ಎಂಬವನು ಎಲ್ಲರಿಗಿಂತ ಮೌನಿ. ನಲವತ್ತೈದರ ಆಸುಪಾಸು, ಸಪೂರ ಮನುಷ್ಯ, ಕಿವಿಯ ಹಿಂದೆ ಯಾವಾಗಲೂ ಪೆನ್ಸಿಲು. ಕ್ಲಾಸು ಶುರುವಾಗುವ ಮೊದಲು ಯಾರೂ ಹೇಳದೆ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದ. ತನ್ನ ಫ್ಲಾಸ್ಕಿನಿಂದ ಹಾಲಿಲ್ಲದ ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿ ಅವಳ ಮೇಜಿನ ಮೇಲೆ ಇಡುತ್ತಿದ್ದ. ಒಂದು ದಿನ ಅವನು ಕ್ಲಾಸಿಗೆ ಬರಲಿಲ್ಲ. ಕಂಪ್ರೆಸರ್ ಕೆಟ್ಟು ಸಂಜೆಯೆಲ್ಲ ಅದರ ಅಡಿಯಲ್ಲೇ ಮಲಗಿ ರಿಪೇರಿ ಮಾಡುತ್ತಿದ್ದನಂತೆ.

ಮರುದಿನ ಐಡಾ ಬರುವಾಗ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಒಂದೊಂದನ್ನೂ ಕೊರೆದ ಹಾಗೆ ಬರೆದಿತ್ತು: ‘ಎಸ್ಟರ್‌ಡೇ ಐ ಮಿಸ್ ಮಿಸ್ ಐಡಾ’. ಪಕ್ಕದಲ್ಲಿ ಶೆನ್ ಚಾಕ್ ಹಿಡಿದುಕೊಂಡು ತಲೆ ಬಗ್ಗಿಸಿ ನಿಂತಿದ್ದ.

ಐಡಾ ಅವನಿಗೆ ಕುಳಿತುಕೊಳ್ಳುವಂತೆ ಕೈ ತೋರಿಸಿ, ಹಲಗೆಯ ಉಳಿದರ್ಧದಲ್ಲಿ ಅಂದಿನ ಪಾಠ ಬರೆದಳು. ಆ ವಾಕ್ಯವನ್ನು ಒರೆಸಲು ಕೈ ಬರಲಿಲ್ಲ. ಮನೆಗೆ ಹೋಗುವ ವ್ಯಾನಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು. ಹಿಂದಿನ ದಿನ ತಾನಿಲ್ಲದೆ ಒಬ್ಬ ಮನುಷ್ಯನಿಗೆ ಬೇಸರವಾಗಿತ್ತು ಎಂಬ ವಿಷಯ ಅವಳೊಳಗೆ ಮೆಲ್ಲಗೆ ಓಡಾಡುತ್ತಿತ್ತು. ಅವನಿಗೆ ಊರಲ್ಲಿ ಹೆಂಡತಿ, ಒಬ್ಬಳು ಮಗಳು ಇದ್ದಾರೆಂದು ಗೊತ್ತಿತ್ತು. ಮುಂದೆ ಏನಾದರೂ ಆಗಲಿ ಎಂಬ ಆಸೆಯೇನೂ ಅವಳಿಗಿರಲಿಲ್ಲ. ಆದರೂ ಸಂತೋಷವಾಗಿತ್ತು. ಮರುದಿನ ಬೆಳಿಗ್ಗೆ, ಊರಿಂದ ತಂದು ಒಮ್ಮೆಯೂ ಉಡದಿದ್ದ ತಿಳಿಗುಲಾಬಿ ಬಣ್ಣದ ಸೀರೆ ಉಟ್ಟಳು.

ಆ ದಿನ ಮಧ್ಯಾಹ್ನ ಊಟಕ್ಕೆ ಮೆಸ್ಸಿಗೆ ಹೋದಾಗ ಅಕೌಂಟ್ಸಿನ ಬಾಸಿಲ್ ಹಲಗೆಯ ಮುಂದೆ ನಿಂತಿದ್ದ. ಶಿರ್ವದ ಕಡೆಯವನು, ಇಗರ್ಜಿಯ ಕೊಯರಿನಲ್ಲಿ ಹಾಡುವವನು. ಆ ವಾಕ್ಯವನ್ನೇ ಭಕ್ತಿಗೀತೆಯ ರಾಗದಲ್ಲಿ ಎಳೆದೆಳೆದು ಹಾಡುತ್ತಿದ್ದ. ಅವಳನ್ನು ಕಂಡದ್ದೇ ಚಮಚದಿಂದ ತಟ್ಟೆಗೆ ತಾಳ ಹಾಕಿದ.

“ಬನ್ನಿ ಬನ್ನಿ ಮಿಸ್. ಚೀನಾದಿಂದ ಪ್ರಪೋಸಲ್ ಬಂದದ್ದು ನಮಗೆ ಹೇಳಲೇ ಇಲ್ಲ ನೀವು. ಸೀರೆ ಬೇರೆ ಹೊಸದು.”

ಮೆಸ್ಸೆಲ್ಲ ನಕ್ಕಿತು. ಐಡಾ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. ಊಟ ಮಾಡಲಿಲ್ಲ. ಟೈಪ್‌ರೈಟರಿನ ಮುಂದೆ ಕೂತಾಗ ಸೀರೆಯ ಬಣ್ಣ ಕಣ್ಣಿಗೆ ಚುಚ್ಚಿತು. ಆಫೀಸಿನ ಏಸಿಗೆ ಚಳಿಯಾಗುತ್ತದೆ ಎಂದು ಸುಳ್ಳು ಹೇಳಿ ಸಂಜೆಯವರೆಗೆ ಮೈತುಂಬ ಶಾಲು ಹೊದ್ದು ಕೂತಳು.

ವಾರದ ರಜೆಯ ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ ಪಿಯುಸ್ ಶರ್ಟಿನ ಗುಂಡಿ ಬಿಚ್ಚುತ್ತ, ಅವಳ ಮುಖ ನೋಡದೆ ಕೊಂಕಣಿಯಲ್ಲಿ ಹೇಳಿದ: “ಐಡಾ, ಇಗರ್ಜಿಯ ಅಂಗಳದಲ್ಲಿ ಮಾತಾಗುತ್ತಿದೆ. ನೀನು ನಮ್ಮ ಮನೆಯಲ್ಲಿರುವವಳು. ಇದನ್ನು ನೀನೇ ನಿಲ್ಲಿಸಬೇಕು.” ರೋಸಲಿಂಡ್ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದಳು, ಕೇಳಿಸದ ಹಾಗೆ.

ಶನಿವಾರ ಐಡಾ ಆಸ್ವಾಲ್ಡರ ಕೋಣೆಗೆ ಹೋದಳು. ಆ ಶೆನ್ ತನ್ನ ಬಗ್ಗೆ ಸರಿಯಿಲ್ಲದ ಮಾತು ಬರೆದಿದ್ದಾನೆ, ತನಗೆ ಅವಮಾನವಾಗಿದೆ ಎಂದಳು.

“ಹಿಂದೆಯೂ ಹೀಗೆ ಏನಾದರೂ ಮಾಡಿದ್ದುಂಟಾ?” ಎಂದು ಆಸ್ವಾಲ್ಡ್ ಕೇಳಿದರು.

ಒರೆಸಿಟ್ಟ ಹಲಗೆ, ಮುಚ್ಚಳದಲ್ಲಿನ ಚಹಾ, ಎರಡೂ ಅವಳ ನೆನಪಿಗೆ ಬಂದವು. ಇಲ್ಲ ಎಂದರೆ ದೂರು ಸಣ್ಣದಾಗುತ್ತದೆ. ಅವಳು ನೆಲ ನೋಡುತ್ತ ಸುಮ್ಮನೆ ನಿಂತಳು. ಆಸ್ವಾಲ್ಡ್ ಅದನ್ನು ಹೌದೆಂದು ತಿಳಿದರು. ಹಾಗೆ ತಿಳಿಯುತ್ತಾರೆಂದು ಅವಳಿಗೂ ಗೊತ್ತಿತ್ತು.

ಆ ವಾರದಲ್ಲೇ ಶೆನ್‌ನನ್ನು ಇಬ್ರಿಯ ಆಚೆಗಿನ ಕಲ್ಲಿನ ಕ್ವಾರಿಗೆ ಕಳಿಸಿದರು. ರುಸೈಲಿನಿಂದ ಅರ್ಧ ದಿನದ ದಾರಿ. ಕಣ್ಣು ಹಾಯುವವರೆಗೂ ಕಲ್ಲು, ದೂಳು, ನಾಲ್ಕಾರು ತಗಡಿನ ಕ್ಯಾಬಿನ್ನುಗಳು. ಅಲ್ಲಿ ಕೆಲಸಕ್ಕಿದ್ದವರು ಪಠಾಣರು. ಅವನ ಭಾಷೆ ಆಡುವವರು ಒಬ್ಬರೂ ಇರಲಿಲ್ಲ. ಕ್ಲಾಸಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು, ಹಲಗೆಯನ್ನು ಐಡಾ ತಾನೇ ಒರೆಸಿಕೊಂಡಳು. ಬಾಸಿಲ್ ಬೇರೆ ತಮಾಷೆ ಹುಡುಕಿಕೊಂಡ. ಎಲ್ಲ ಸರಿಹೋಯಿತು ಎಂದುಕೊಂಡಳು.

ಹತ್ತು ಹದಿನೈದು ದಿನ ಕಳೆದಿರಬೇಕು. ಗುವೊಗೆ ಜ್ವರ ಬಂದು ಎರಡು ದಿನ ಕ್ಲಾಸಿಗೆ ಬರಲಿಲ್ಲ. ಮೂರನೇ ದಿನ ಬಂದವನು ಬಾಗಿಲಲ್ಲಿ ನಿಂತು, ಎಲ್ಲರೆದುರು, ಗಟ್ಟಿ ದನಿಯಲ್ಲಿ ಹೇಳಿದ: “ಸಾರಿ. ಟೂ ಡೇಸ್ ಐ ಮಿಸ್ ಮಿಸ್ ಐಡಾ. ಫೀವರ್.”

ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಬಸ್ಸು ತಪ್ಪಿತು ಎನ್ನುವ ಮುಖದಲ್ಲೇ ಹೇಳಿ, ಹೋಗಿ ತನ್ನ ಜಾಗದಲ್ಲಿ ಕೂತ.

ಐಡಾ ‘ಮಿಸ್’ ಅಂದರೇನು ಎಂದು ಕೇಳಿದಳು. ಗುವೊ ಎದ್ದು ನಿಂತು, ಅವಳೇ ಬಿಡಿಸಿದ್ದ ಬಸ್ಸಿನ ಚಿತ್ರವನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದ. ಬಸ್ ಮಿಸ್, ಲಂಚ್ ಮಿಸ್, ಮಿಸ್ ಐಡಾ ಮಿಸ್. “ನೀವೇ ಹೇಳಿಕೊಟ್ಟಿರಲ್ಲ” ಎನ್ನುವಂತೆ ಅವಳತ್ತ ಕೈ ಮಾಡಿದ.

ಬೇರೆ ಅರ್ಥ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಇನ್ನೂ ಇದೆಯಾ ಎಂದು ಕೇಳಿದಾಗ ಇಲ್ಲ ಎಂದವಳು ಅವಳೇ. ಶೆನ್ ಬರೆದದ್ದು ‘ನಿನ್ನೆ ಕ್ಲಾಸು ತಪ್ಪಿತು’ ಎಂದು ಮಾತ್ರ. ತಲೆ ಬಗ್ಗಿಸಿ ನಿಂತದ್ದು ಕ್ಷಮೆ ಕೇಳಲಿಕ್ಕೆ. ಆ ದಿನ ಪಾಠ ಮುಂದುವರಿಯಲಿಲ್ಲ. ತಲೆನೋವು ಎಂದು ಹೇಳಿ ಅವಳು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ವಾಕ್ಯವನ್ನು ತಪ್ಪಾಗಿ ಓದಿದ್ದು ಅವಳನ್ನು ಅಷ್ಟು ಸುಡಲಿಲ್ಲ. ಆ ಸೀರೆ ಸುಟ್ಟಿತು. ಇಲ್ಲದ ಪ್ರೀತಿಯೊಂದನ್ನು ತಾನೇ ಹುಟ್ಟಿಸಿಕೊಂಡು, ಅದಕ್ಕೆ ಸಂತೋಷಪಟ್ಟು, ಆ ಸಂತೋಷ ನಾಲ್ಕು ಜನರಿಗೆ ಕಂಡಿತಲ್ಲಾ ಎಂದು ಅವನಿಗೆ ಶಿಕ್ಷೆ ಕೊಡಿಸಿದ್ದಳು.

ಮರುದಿನ ಆಸ್ವಾಲ್ಡರಿಗೆ ಎಲ್ಲ ಹೇಳಿ, ಶೆನ್‌ನನ್ನು ವಾಪಸ್ ಕರೆಸಿ ಎಂದಳು. ತಾನು ಯಾವ ಶಾಲೆಯಲ್ಲೂ ಪಾಠ ಮಾಡಿದವಳಲ್ಲ ಎಂಬುದನ್ನೂ ಹೇಳಿದಳು.

“ಅದು ನನಗೆ ಅಂದಾಜಿತ್ತು” ಎಂದರು ಅವರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಖಲಾಸ್ ಐಡಾ. ಈಗ ಅದನ್ನು ಕೆದಕಬೇಡಿ. ಕ್ವಾರಿಯಲ್ಲೂ ಒಬ್ಬ ಫಿಟ್ಟರ್ ಬೇಕಾಗಿದ್ದ. ನಾನು ನೋಡುತ್ತೇನೆ.”

ಅವರು ನೋಡುವವರೆಗೆ ಕಾಯುವುದು ಅವಳಿಂದಾಗಲಿಲ್ಲ. ಆಫೀಸಿನ ವ್ಯಾನ್ ಓಡಿಸುತ್ತಿದ್ದ ಕೊಗ್ಗಣ್ಣ ಗುರುವಾರಗಳಂದು ಪಿಕಪ್ಪಿನಲ್ಲಿ ಕ್ವಾರಿಗೆ ಸಾಮಾನು ಒಯ್ಯುತ್ತಿದ್ದ. ಕಾಪುವಿನವನು, ಐಡಾಳಿಗಿಂತ ಹಿರಿಯ. ತಾನೂ ಬರುತ್ತೇನೆ ಎಂದು ಐಡಾ ಹೇಳಿದಾಗ ಅವನು ತಲೆ ಕೆರೆದುಕೊಂಡ.

“ಬಾಯಮ್ಮ, ಪುನಃ ಜನ ಮಾತಾಡ್ಲಿಕ್ಕೆ ಶುರು ಮಾಡಿದ್ರೆ?”

“ಮಾತಾಡ್ಲಿ ಕೊಗ್ಗಣ್ಣ.”

“ಎಂತ ಉಂಟು ಅಲ್ಲಿ ನಿಮಗೆ?”

“ಒಂದು ತಪ್ಪಾಗಿದೆ. ಹೇಳಿ ಬರ್ಲಿಕ್ಕುಂಟು.”

ಅವನು ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಬೇಗ ಹೊರಟು, ನಿಜ್ವಾ ದಾಟಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕ್ವಾರಿ ತಲುಪಿದರು. ಶೆನ್ ಕಂಪ್ರೆಸರಿನ ಪಕ್ಕ ಇದ್ದ. ಮುಖ, ತಲೆ, ರೆಪ್ಪೆಯೆಲ್ಲ ಕಲ್ಲಿನ ಪುಡಿಯಿಂದ ಬೆಳ್ಳಗಾಗಿತ್ತು. ಅವಳನ್ನು ಕಂಡು ಅವನು ನಗುತ್ತ ಓಡಿ ಬಂದ. ಕ್ಯಾಬಿನ್ನಿಗೆ ಕರೆದೊಯ್ದು, ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟ. ಕೊಗ್ಗಣ್ಣ ಬಾಗಿಲ ಬಳಿ ನೆರಳಲ್ಲಿ ನಿಂತ.

ಶೆನ್ ತನ್ನ ಸಣ್ಣ ಇಂಗ್ಲಿಷಿನಲ್ಲಿ ಮೊದಲು ಹೇಳಿದ್ದು ಅಲ್ಲಿಯ ಕಂಪ್ರೆಸರಿನ ವಿಷಯ. ಅದನ್ನು ಎಬ್ಬಿಸಲು ಯಾರಿಂದಲೂ ಆಗಿರಲಿಲ್ಲ, ಅದಕ್ಕೇ ಬಾಸ್ ಎಂಟು ಮಂದಿಯಲ್ಲಿ ತನ್ನನ್ನು ಆರಿಸಿ ಕಳಿಸಿದರು ಎಂದ. “ನಂಬರ್ ಒನ್ ಫಿಟ್ಟರ್” ಎಂದು ತನ್ನ ಎದೆಗೆ ಬೆರಳು ತಟ್ಟಿಕೊಂಡ. ಊರಿಗೆ ಬರೆದಾಗಲೂ ಹಾಗೆಯೇ ಬರೆದನಂತೆ, ಓದಿ ಮಗಳಿಗೆ ಹೆಮ್ಮೆಯಾಗುತ್ತದಂತೆ.

ಅಲ್ಲಿಗೆ ಐಡಾ ಎದ್ದು ಬಂದುಬಿಡಬಹುದಿತ್ತು. ಚಹಾ ಕುಡಿದು, ಚೆನ್ನಾಗಿದ್ದೀರಾ ಎಂದು ಕೇಳಿ ಹೊರಡಬಹುದಿತ್ತು. ಆದರೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ತುಟಿಯವರೆಗೆ ಬಂದಿತ್ತು, ಅದನ್ನು ಇಳಿಸಿದರೆ ಮಾತ್ರ ತನಗೆ ಉಸಿರಾಡಲು ಸಾಧ್ಯ ಅನಿಸಿತು. ಬಾಸ್ ಕಳಿಸಿದ್ದಲ್ಲ, ನಾನು ಕಳಿಸಿದ್ದು ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವನ ಕಿವಿಯ ಹಿಂದಿನ ಪೆನ್ಸಿಲು ಕೇಳಿ ತೆಗೆದುಕೊಂಡು, ರಟ್ಟಿನ ಪೆಟ್ಟಿಗೆಯ ಮೇಲೆ ಆ ವಾಕ್ಯವನ್ನು ಬರೆದಳು. ‘ಮಿಸ್’ ಎಂಬುದಕ್ಕೆ ಇನ್ನೊಂದು ಅರ್ಥ ಇದೆ ಎಂದಳು. ಕ್ಲಾಸಿನಲ್ಲಿ ಎಂಟು ಮಂದಿಯ ಎದುರು ಮಾಡಲಾಗದ್ದನ್ನು ಅಲ್ಲಿ ಮಾಡಿದಳು: ಕೈಯನ್ನು ಎದೆಯ ಮೇಲಿಟ್ಟು, “ನಿಮ್ಮ ಮಗಳು. ದೂರ. ಇಲ್ಲಿ ನೋವು. ಅದೂ ಮಿಸ್” ಎಂದಳು.

ಅವನು ಸ್ವಲ್ಪ ಹೊತ್ತು ಯೋಚಿಸಿ, “ಶಿಯಾಂಗ್” ಎಂದ. ಅವರ ಭಾಷೆಯಲ್ಲಿ ಅದಕ್ಕೆ ಅದೇ ಪದವಂತೆ. “ಮೈ ಡಾಟರ್, ಐ ಮಿಸ್” ಎಂದ. ಮುಖದಲ್ಲಿ ಮೊದಲು ಸಂತೋಷ ಬಂತು, ಹೊಸ ಪದ ಸಿಕ್ಕಿದ ಸಂತೋಷ. ಆಮೇಲೆ ಕಣ್ಣು ರಟ್ಟಿನ ಮೇಲಿನ ವಾಕ್ಯಕ್ಕೆ ಹೋಯಿತು. ಅವನು ಅದನ್ನು ಮತ್ತೊಮ್ಮೆ, ತುಟಿ ಅಲ್ಲಾಡಿಸುತ್ತ ಓದಿದ.

ಬಿಳಿ ಪುಡಿಯ ಕೆಳಗೆ ಅವನ ಮುಖ ಕೆಂಪಾದದ್ದು ಅವಳಿಗೆ ಕಾಣಿಸಿತು. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದು ಸೊಂಟ ಬಗ್ಗಿಸಿ ನಿಂತ. “ಸಾರಿ. ಸಾರಿ. ವೆರಿ ಸಾರಿ” ಎಂದ. ತಪ್ಪು ನಿಮ್ಮದಲ್ಲ, ನನ್ನದು, ಕ್ಷಮೆ ಕೇಳಲು ಬಂದವಳು ನಾನು ಎಂದು ಐಡಾ ಎಷ್ಟು ಹೇಳಿದರೂ ಅವನು ಬಗ್ಗಿದ ಬೆನ್ನು ಎತ್ತಲಿಲ್ಲ. ಕೊನೆಗೆ ತಲೆ ಎತ್ತಿದಾಗ ಕೇಳಿದ್ದು ಒಂದೇ: ಗುವೊಗೆ, ಉಳಿದವರಿಗೆ ಇದು ಗೊತ್ತೇ?

ಇಲ್ಲ ಎಂದಳು. ನಿಮ್ಮನ್ನು ವಾಪಸ್ ಕರೆಸಲು ಬಾಸಿಗೆ ಹೇಳಿದ್ದೇನೆ ಎಂದೂ ಹೇಳಿದಳು.

“ನೋ, ನೋ” ಎಂದ ಶೆನ್, ಎರಡೂ ಕೈ ಅಡ್ಡ ಆಡಿಸಿ. ವಾಪಸ್ ಹೋದರೆ ಯಾಕೆ ಬಂದೆ, ಮೊದಲು ಯಾಕೆ ಹೋದೆ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲೇ ಇರುತ್ತೇನೆ. “ಹಿಯರ್ ಓಕೆ.”

ಚಹಾ ಕೊಡಲು ಅವನು ಮರೆತಿದ್ದ. ಅವಳು ಹೊರಡುವಾಗ ಕಂಪ್ರೆಸರಿನ ಕಡೆ ನಡೆದು ಹೋದ, ತಿರುಗಿ ನೋಡಲಿಲ್ಲ.

ಪಿಕಪ್ಪಿನಲ್ಲಿ ತುಂಬ ದೂರ ಬಂದ ಮೇಲೆ ಕೊಗ್ಗಣ್ಣ, “ಹೇಳಿದಿರಲ್ಲ, ಸಮಾಧಾನ ಆಯ್ತಾ?” ಎಂದು ಕೇಳಿದ.

“ನನಗೆ ಸಮಾಧಾನ ಆಗ್ಲಿ ಅಂತಲೇ ಹೋದದ್ದು ಕೊಗ್ಗಣ್ಣ” ಎಂದಳು ಐಡಾ. “ಅವರು ಅಲ್ಲಿ ಖುಷಿಯಲ್ಲಿ ಇದ್ದರು.”

ಕೊಗ್ಗಣ್ಣ ನಿಜ್ವಾದಲ್ಲಿ ಗಾಡಿ ನಿಲ್ಲಿಸಿ ಎರಡು ಗ್ಲಾಸು ಸುಲೈಮಾನಿ ಚಹಾ ತಂದ. ಅವಳು ಗ್ಲಾಸನ್ನು ಕೈಯಲ್ಲೇ ಹಿಡಿದು ಕೂತಳು, ಕುಡಿಯಲಾಗಲಿಲ್ಲ.

ಶನಿವಾರ ಮೆಸ್ಸಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಐಡಾ ಎದ್ದು ನಿಂತು ವಿಷಯ ಹೇಳಿದಳು. ಆ ಮನುಷ್ಯ ಬರೆದದ್ದು ಕ್ಲಾಸು ತಪ್ಪಿತು ಎಂದು, ತಾನು ತಪ್ಪು ತಿಳಿದೆ, ಅವನ ಬಗ್ಗೆ ಇನ್ನು ಯಾರೂ ಮಾತು ಆಡಬಾರದು. ಚೀನಾದವರು ಆ ಹೊತ್ತಿಗೆ ಊಟ ಮುಗಿಸಿ ಹೋಗಿದ್ದರು. ಅದನ್ನು ನೋಡಿಕೊಂಡೇ ಎದ್ದಿದ್ದಳು. ಬಾಸಿಲ್ ತಟ್ಟೆಯಲ್ಲಿ ಅನ್ನ ಕಲಸುತ್ತ, “ನಾವು ತಮಾಷೆ ಮಾಡಿದ್ದು ಮಾರಾಯ್ತಿ, ನೀವು ಅದನ್ನು ಅಲ್ಲಿವರೆಗೆ ಎಳೆದಿರಿ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆಸ್ವಾಲ್ಡ್ ಕೊನೆಗೂ ಕರೆಸಿದಾಗ ಶೆನ್ ತಾನೇ ಬೇಡವೆಂದು ಹೇಳಿ ಕಳಿಸಿದ. ಕಾಂಟ್ರಾಕ್ಟ್ ಮುಗಿಯುವವರೆಗೂ ಕ್ವಾರಿಯಲ್ಲೇ ಇದ್ದ. ೧೯೯೦ರ ಏಪ್ರಿಲಿನಲ್ಲಿ ಎಂಟೂ ಮಂದಿ ಹೊರಡುವ ದಿನ ಪಾಸ್‌ಪೋರ್ಟು ತೆಗೆದುಕೊಳ್ಳಲು ಆಫೀಸಿಗೆ ಬಂದರು. ಏಳು ಮಂದಿ ಸಾಲಾಗಿ “ಗುಡ್‌ಬೈ ಮಿಸ್ ಐಡಾ” ಎಂದರು. ಶೆನ್ ಕೊನೆಯವನು. ತುಂಬ ಇಳಿದುಹೋಗಿದ್ದ. “ಥ್ಯಾಂಕ್ ಯೂ, ಟೀಚರ್” ಎಂದ. ಆ ಪದವನ್ನು ಅವನು ಬಾಯಿಗೆ ತರಲಿಲ್ಲ ಎಂಬುದು ಅವಳಿಗೆ ತಿಳಿಯಿತು. ಏನೋ ಹೇಳಬೇಕೆಂದು ಎದ್ದು ನಿಂತಳು. ಅಷ್ಟರಲ್ಲಿ ಕೊಗ್ಗಣ್ಣ ಹೊರಗಿಂದ “ಯಲ್ಲಾ, ಯಲ್ಲಾ” ಎಂದು ಎಲ್ಲರನ್ನೂ ಹೊರಡಿಸಲು ಕೂಗಿದ. ವ್ಯಾನು ಸೀಬ್ ಏರ್‌ಪೋರ್ಟಿನ ದಾರಿ ಹಿಡಿಯಿತು.

ಮೂರು ವರ್ಷದ ನಂತರ ಚೀನಾದಿಂದ ಇನ್ನೊಂದು ತಂಡ ಬಂತು. ಕಲಿಸಲು ಬೇರೆ ಯಾರಾದರೂ ಇದ್ದರೆ ನೋಡಿ ಎಂದು ಐಡಾ ಆಸ್ವಾಲ್ಡರನ್ನು ಬೇಡಿಕೊಂಡಳು. ಯಾರೂ ಸಿಗಲಿಲ್ಲ. ಮೊದಲ ದಿನವೇ ತಾನು ಟೀಚರ್ ಅಲ್ಲ, ಟೈಪಿಸ್ಟ್, ತನಗೆ ಗೊತ್ತಿಲ್ಲದ್ದು ತುಂಬ ಇದೆ ಎಂದು ಹೇಳಿಯೇ ಶುರು ಮಾಡಿದಳು. ಅವರು ಅದನ್ನೂ ಪಾಠವೆಂದು ತಿಳಿದು ಒಕ್ಕೊರಲಿನಿಂದ ಹೇಳಿದರು. ಸಣ್ಣ ಪದಗಳು ಬಂದಾಗ ರುವಿಯ ಅಂಗಡಿಯಿಂದ ತಂದ ದಪ್ಪ ಡಿಕ್ಷನರಿ ಮೇಜಿನ ಮೇಲಿಟ್ಟು, ಎಷ್ಟು ಅರ್ಥ ಇದೆಯೋ ಅಷ್ಟನ್ನೂ ಬರೆದಳು. ‘ಮಿಸ್’ ಬಂದ ದಿನ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಅವಳ ಕೈಯಲ್ಲಿ ಚಾಕ್ ಮುರಿಯಿತು. ಬಗ್ಗಿ ತುಂಡು ಹೆಕ್ಕಿಕೊಂಡು ಮುಂದಿನ ಸಾಲು ಬರೆದಳು.

೧೯೯೬ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಡುವ ಮೊದಲಿನ ಒಂದು ಶುಕ್ರವಾರ, ಮಧ್ಯಾಹ್ನ, ಅವಳೂ ರೋಸಲಿಂಡಳೂ ಅಡುಗೆಮನೆಯಲ್ಲಿ ಪೇಪರ್ ಹಾಸಿ ಬಂಗುಡೆ ಕೊಯ್ಯುತ್ತಿದ್ದರು. ಪಿಯುಸ್ ಒಳಗೆ ಮಲಗಿದ್ದ.

“ಆವತ್ತು ನೀನು ಇಬ್ರಿಗೆ ಯಾಕೆ ಹೋದದ್ದು?” ರೋಸಲಿಂಡ್ ಕೇಳಿದಳು. “ಬಾಸಿಲ್ ಮಾಡಿದ ಗಲಾಟೆ. ಕಳಿಸಿದ್ದು ಆಸ್ವಾಲ್ಡ್. ನೀನು ಅಷ್ಟು ದೂರ ಹೋಗಬೇಕಿತ್ತಾ?”

ಐಡಾ ಮೀನಿನ ಕಿವಿರು ತೆಗೆದು ಬದಿಗಿಟ್ಟಳು. “ಹಲಗೆಯ ಮೇಲೆ ಅದನ್ನು ಓದಿದಾಗ ನನಗೆ ಖುಷಿಯಾಗಿತ್ತು, ರೋಸಿ” ಎಂದಳು. “ಯಾರಿಗೂ ಹೇಳಿರಲಿಲ್ಲ. ಖುಷಿ ಆಗದಿದ್ದರೆ ನಾನು ಆಸ್ವಾಲ್ಡರ ಹತ್ತಿರ ಹೋಗುತ್ತಲೇ ಇರಲಿಲ್ಲ.”

ರೋಸಲಿಂಡಳ ಕೈ ನಿಂತಿತು. ಅವಳು ಒಮ್ಮೆ ಮಲಗುವ ಕೋಣೆಯ ಬಾಗಿಲ ಕಡೆ ನೋಡಿದಳು.

“ಪಿಯುಸನಿಗೆ ಇದನ್ನು ಹೇಳುವುದು ಬೇಡ” ಎಂದು ಮೆಲ್ಲಗೆ ಹೇಳಿ, ಕೊಯ್ದ ಮೀನನ್ನು ತೊಳೆಯಲು ನಲ್ಲಿಯ ಕೆಳಗೆ ಹಿಡಿದಳು.